ಬೈಯುವ ಬಾಲಂಗೋಚಿ

'ಸಲೀಸು' ಎಂಬ ಕನ್ನಡ ಬರೆಯುವ ತಂತ್ರಾಂಶ ಯಾರಪ್ಪನ ಆಸ್ತಿಯೂ ಅಲ್ಲ. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ತಿದ್ದಬಹುದು. ಇಳಿಸಿಕೊಂಡವರಿಗೆ ಅದರ ಜೊತೆಗೇ ಕೆಲವು ಬಾಲಂಗೋಚಿಗಳೂ ಸಿಗುತ್ತಿದ್ದವು. ಯಾರ್ಯಾರೋ ಬರೆದ ಪುಟ್ಟ ಸೇರ್ಪಡೆಗಳಿಗೆ ತಂಡ ಇಟ್ಟ ಹೆಸರದು. ಒಂದು ಅಭಿರಾಮನದು. ಬಹಳ ಹೊತ್ತು ಕೀಲಿಮಣೆ ಕುಟ್ಟುತ್ತಿದ್ದರೆ ಪರದೆಯ ಮೂಲೆಯಿಂದ ಇಣುಕಿ ಬೈಯುತ್ತಿತ್ತು: "ಎದ್ದೇಳೋ ಗುರು, ಕುರ್ಚೀಲಿ ಬೇರ್ ಬಿಟ್ಟಿದೀಯ!"

ಅಭಿರಾಮ ಹೋಗಿ ವರ್ಷವಾಗಿತ್ತು. ಬೈಗುಳ ಉಳಿದಿತ್ತು. ಬೈಸಿಕೊಳ್ಳಲೆಂದೇ ಅವನ ಹೆಂಡತಿ ಮಹತಿ ದಿನವೂ ಒಂದಿಷ್ಟು ಹೆಚ್ಚು ಹೊತ್ತು ಕುಟ್ಟುತ್ತಿದ್ದಳು.

ಮೂಲ ತಂತ್ರಾಂಶದ ಉಸ್ತುವಾರಿ ಪ್ರದ್ಯುಮ್ನನದು. ಯಲಹಂಕದ ಅವನ ಮನೆ ಮಹಡಿಯಲ್ಲಿ ತಂಡ ಸೇರಿದ್ದಾಗ ಹೊಸ ನಿಯಮ ಹೊರಡಿಸಿದ.

"ಬರೆದವರೇ ಇಲ್ಲದ ಬಾಲಂಗೋಚಿ ಇನ್ಮುಂದೆ ಜೊತೇಲಿ ಹೋಗಲ್ಲ. ಅಭಿರಾಮಂದೂ... ಬೇಜಾರ್ ಮಾಡ್ಕೋಬೇಡ ಮಹತಿ."

"ನಾನ್ ನೋಡ್ಕೋತೀನಿ."

"ಯಾಕೆ ಸುಮ್ನೆ? ಅದಿದ್ರೂ ಒಂದೇ, ಇಲ್ದಿದ್ರೂ ಒಂದೇ."

"ಖಂಡಿತಾನಾ?"

"ಹಂಡ್ರೆಡ್ ಪರ್ಸೆಂಟ್."

"ಸರಿ, ತೆಗೀತೀನಿ. ಅದಿಲ್ದಿರೋ 'ಸಲೀಸು'ನ ಮೊದಲು ನಿನ್ನ ಲ್ಯಾಪ್‌ಟಾಪಲ್ಲೇ ಹಾಕ್ ನೋಡೋಣ."

ಅವಳು ಇಷ್ಟು ಬೇಗ ಒಪ್ಪಿದಾಗಲೇ ಅವನಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ವರ್ಷವಿಡೀ ಮಹತಿ ಓದಿದ್ದು ಆ ಬಾಲಂಗೋಚಿಗೆ ಅಭಿರಾಮ ಬರೆದ ಕೋಡ್‌ನ ಸಾಲುಗಳನ್ನೇ. ಹೊತ್ತು ನೋಡಲು ಅವನೊಂದು ಗಡಿಯಾರ ಬರೆದಿದ್ದ. ಟೈಪಿಸಿದ್ದು ತಾನಾಗಿ ಉಳಿಯುವ ಏರ್ಪಾಡು ಮಾಡುವಾಗ ಪ್ರದ್ಯುಮ್ನ, ಹೇಗೂ ಜೊತೆಗೇ ಇರುತ್ತದಲ್ಲ ಎಂದು ಅದೇ ಗಡಿಯಾರಕ್ಕೆ ಗಂಟು ಹಾಕಿದ್ದ. ಆಮೇಲೆ ಮರೆತಿದ್ದ.

ಭಾನುವಾರ ಸಂಜೆ ಅವನ ಫೋನ್ ಬಂತು. "ಚಾರ್ಜ್ ಮುಗಿದು ಲ್ಯಾಪ್‌ಟಾಪ್ ಆಫ್ ಆಯ್ತು ಕಣೇ. ಬೆಳಗ್ಗಿಂದ ಬರೆದಿದ್ರಲ್ಲಿ ಒಂದಕ್ಷರಾನೂ ಉಳಿದಿಲ್ಲ!"

"ಏನ್ ಬರೀತಿದ್ದೆ?"

"ಬಾಲಂಗೋಚಿಗಳು ಯಾಕೆ ಬೇಡ ಅಂತ ಪ್ರಕಟಣೆ."

ಮಹತಿ ಫೋನನ್ನು ದೂರ ಹಿಡಿದು ನಕ್ಕಳು. ತನ್ನ ನಗು ತನಗೇ ಹೊಸದಾಗಿ ಕೇಳಿಸಿತು. ಆಮೇಲೆ, ಬಾಲಂಗೋಚಿಯ ಜೊತೆ ಗಡಿಯಾರವೂ ಹೋದ ವಿಷಯ ಹೇಳಿದಳು.

"ನಿಂಗೆ ಮೊದಲೇ ಗೊತ್ತಿತ್ತಾ?"

"ಹಂಡ್ರೆಡ್ ಪರ್ಸೆಂಟ್."

"ಕೋತಿ! ಗಡಿಯಾರ ಮಾತ್ರ ಮೂಲಕ್ಕೆ ತಗೊಂಡ್ಬಿಡ್ತೀನಿ."

"ತಗೋ. ಬೈಗುಳ ಕೈಬಿಟ್ರೆ ಈ ಕತೇನ ಇಡೀ ತಂಡಕ್ಕೆ ನಾನೇ ಬರೀತೀನಿ."

"ಬೇಡ ಮಾರಾಯ್ತಿ! ಬೈಗುಳದ ಉಸ್ತುವಾರಿ ಮಹತಿ. ಸಾಕಾ?"

ಸಾಕಾಗಿತ್ತು. ಅಭಿರಾಮನ ಒಂದು ಬೈಗುಳವನ್ನೂ ಅವಳು ಮುಟ್ಟಲಿಲ್ಲ. ಕೊನೆಯಲ್ಲಿ ತನ್ನದೊಂದು ಸೇರಿಸಿದಳು, ಅಷ್ಟೇ. ಈಗ ಆರ್.ಟಿ. ನಗರದಿಂದ ರಾಜಾನುಕುಂಟೆವರೆಗೆ 'ಸಲೀಸು' ಬಳಸುವವರನ್ನೆಲ್ಲ ಪರದೆಯ ಮೂಲೆ ಆಗಾಗ ಕೇಳುತ್ತದೆ: "ಚಾರ್ಜರ್ ಹಾಕಿದೀಯೇನೋ ಪ್ರದ್ಯುಮ್ನ?"

ಪ್ರದ್ಯುಮ್ನ ಯಾರೆಂದು ಅವರಿಗೆ ಗೊತ್ತಿಲ್ಲ. ಆದರೂ ಚಾರ್ಜರ್ ಹುಡುಕುತ್ತಾರೆ.