ಆಯಕ್ಕೆ ಹೋದ ರಷ್ಯಾ

ಪಾಮನಕಲ್ಲೂರಿನ ನನ್ನ ಕಣದಷ್ಟು ದೊಡ್ಡ ಕಣ ನಿಜಾಮರ ಇಡೀ ರಾಜ್ಯದಲ್ಲಿ ಇರಲಿಲ್ಲ. ಈ ಕಡೆಯಿಂದ ಹಾರಿದ ಕಾಗೆ ಆ ಕಡೆ ಮುಟ್ಟುವಷ್ಟರಲ್ಲಿ ಮುದಿಯಾಗಿರುತ್ತಿತ್ತು. ಅದಕ್ಕೇ ರಷ್ಯಾ ದೇಶ ಹಾಸಲು ಜಾಗ ಬೇಕಾದಾಗ ಸಾಲಿಯ ಬಂದೇಸಾಬ ಮಾಸ್ತರರು ನೇರ ನನ್ನಲ್ಲಿಗೆ ಓಡಿ ಬಂದರು.

"ಅಮರಗುಂಡಪ್ಪನವ್ರ, ಮುಗೀತ್ರೀ ನಮ್ಮ ಕಥಿ. ನಾಳೆ ಲಿಂಗಸುಗೂರಿಂದ ತಪಾಸಣಿ ಸಾಹೇಬ್ರು ಬರ್ತಾರ. ರಷ್ಯಾದ ಪಾಠ ನೋಡ್ತಾರಂತ. ಸರಿ ಬರಲಿಲ್ಲಂದ್ರ ಸಾಲೀನ ಬಳಗಾನೂರಿಗೆ ಎತ್ತಿಬಿಡ್ತಾರಂತ. ನಕಾಶಿ ಬಿಚ್ಚಿದ್ರ ಗೆದ್ದಲ ತಿಂದಾವ. ಬರೇ ಕೋಲು ಉಳದೈತಿ!"

ಬಳಗಾನೂರಿಗೆ! ಬಳಗಾನೂರಿನವರಿಗೆ ಶಾಲೆ ಕೊಡುವುದಕ್ಕಿಂತ ನನ್ನ ಮೀಸೆ ಕೊಡುವುದು ಮೇಲು. ಆ ಮೀಸೆಯಾದರೂ ಎಂಥದ್ದು, ಹಬ್ಬದ ದಿನ ಮನೆಯ ಹೆಂಗಸರು ಅದರ ಮೇಲೆ ಸೀರೆ ಒಣಹಾಕುತ್ತಿದ್ದರು.

"ಎಷ್ಟು ದೊಡ್ಡದ್ರೀ ರಷ್ಯಾ?" ಎಂದೆ.

"ಈ ತುದಿಗೆ ಹೊತ್ತು ಮುಳುಗಾಕತ್ತಿದ್ರ ಆ ತುದಿಗೆ ಮೂಡಾಕತ್ತಿರ್ತೈತಿ."

"ಹಂಗಾದ್ರ ನನ್ನ ಕಣದಾಗ ಹಿಡಿಸ್ತೈತಿ ಬರ್ರಿ."

ಬಿಳಿಜೋಳ ತೂರಿ ರಾಶಿ ಮಾಡಿ ಆಗಿತ್ತು. ಅದರ ನೆರಳು ಬಿದ್ದು ಮಸ್ಕಿಯ ಗುಡ್ಡಕ್ಕೆ ನೆಗಡಿಯಾಗಿತ್ತು. ಅಂಥ ರಾಶಿಯನ್ನು ಕಾಲಿನಿಂದ ಎಳೆದು ಹರವಿದೆ. ಮೂಡಣಕ್ಕೆ ಸೈಬೀರಿಯಾ, ಬರೀ ಬಿಳಿ. ಯುರಾಲ್ ಪರ್ವತಕ್ಕೆ ದಂಟು ಒಟ್ಟಿದೆವು, ವೋಲ್ಗಾ ನದಿಗೆ ಬೂದಿ ಸುರಿದೆವು. ಎತ್ತಿನ ಹಗ್ಗವನ್ನು ಆ ತುದಿಯಿಂದ ಈ ತುದಿಗೆ ಎಳೆದು ರೈಲು ಅಂದೆವು. ಮಾಸ್ಕೋ ಇರುವಲ್ಲಿ ತಂಬಿಗೆ ಬೋರಲು ಹಾಕಿದೆವು. ನನ್ನ ಕರಿ ಕಂಬಳಿ ಕಪ್ಪು ಸಮುದ್ರವಾಯಿತು, ಅದರ ಬದಿಗೆ ಚಾಚಿದ ಜೋಳ ಕ್ರೈಮಿಯಾ. ಸಂಜೆ ಊರೆಲ್ಲ ಸುತ್ತ ಕೂತಿತು. ಮಾಸ್ತರರು ಕೋಲು ಹಿಡಿದು, ಅಲ್ಲಿಯ ಜನ ಮರದ ದಿಮ್ಮಿಯಿಂದ ಮನೆ ಕಟ್ಟುತ್ತಾರೆ, ದಿನವಿಡೀ ಚಹಾ ಕುದಿಸುತ್ತಾರೆ, ಸೈಬೀರಿಯಾದ ಸಂತೆಯಲ್ಲಿ ಹಾಲು ಕಲ್ಲಿನಂತೆ ಗಟ್ಟಿಯಾಗಿ ಮಾರಾಟಕ್ಕೆ ಬರುತ್ತದೆ ಎಂದೆಲ್ಲ ಹೇಳಿದರು.

ಬೆಳಿಗ್ಗೆ ಆಯಗಾರರು ಬಂದರು. ವರ್ಷವಿಡೀ ಊರಿನ ಕೆಲಸ ಮಾಡಿದವರಿಗೆ ರಾಶಿ ಮನೆಗೆ ಹೋಗುವ ಮೊದಲು ಕಣದಲ್ಲೇ ಪಾಲು ಕೊಡಬೇಕು, ಅದೇ ಆಯ. ಕಣದ ಅಂಚಿಗೆ ಬಟ್ಟೆ ಒಡ್ಡಿ ನಿಂತವರಿಗೆ ಇಲ್ಲ ಎನ್ನುವಂತಿಲ್ಲ. ಬಟ್ಟೆ ಒಗೆಯುವ ಯಮನಮ್ಮ ಮೂಡಣ ಅಂಚಿಗೇ ಸೆರಗೊಡ್ಡಿದಳು.

"ಬ್ಯಾಡಬೇ ಯಮನಮ್ಮ! ಅದು ಸೈಬೀರಿಯಾ!" ಮಾಸ್ತರರು ಚೀರಿದರು.

"ಯಾವುದಾರ ಇರಲಿ ಮಾಸ್ತರ. ಇವರ ಧೋತ್ರ ಒಗದೀನಿ ನಾನು. ಎಂಥಾ ಧೋತ್ರ ಅಂತ ಬಾಯಿಬಿಟ್ಟು ಹೇಳ್ಲೇನು?"

ಹೇಳುವುದು ಬೇಡವೆಂದು ಬೇಗ ಬೇಗ ಸುರಿದೆ. ನಾನು ಒಂದು ಬೊಗಸೆ ಕೊಟ್ಟರೆ ಒಯ್ಯಲು ಬಂಡಿ ಬೇಕು. ಆಮೇಲೆ ಹಗ್ಗ ಹೊಸೆಯುವ ಹುಸೇನಪ್ಪ ತಂಬಿಗೆ ಸರಿಸಿ ಮಾಸ್ಕೋದ ಜೋಳ ಕಟ್ಟಿಕೊಂಡ. ಅವನ ಹಿಂದೆ ಕುಂಟೆ ಕೆತ್ತುವ ಬಡಗಿಗಳು, ನೇಗಿಲ ಕುಡ ಬಡಿಯುವ ಕಮ್ಮಾರರು. ಹೊತ್ತೇರುವಷ್ಟರಲ್ಲಿ ಕಂಬಳಿಯ ಬದಿಗೆ ಒಂದಿಷ್ಟು ಕ್ರೈಮಿಯಾ ಬಿಟ್ಟರೆ ಅಷ್ಟು ದೊಡ್ಡ ದೇಶದಲ್ಲಿ ಒಂದು ಕಾಳಿಲ್ಲ.

ಆಗಲೇ ಸಾಹೇಬರ ಕುದುರೆ ಬಂತು. ಕಣದೊಳಗೆ ಮೆಟ್ಟು ಕೂಡದೆಂದು ಬೂಟು ಬಿಡಿಸಿದೆ.

"ಎಲ್ಲೈತ್ರೀ ರಷ್ಯಾ?"

"ಹುಜೂರ್, ಸೈಬೀರಿಯಾ ಯಮನಮ್ಮನ ಮನಿಯಾಗೈತ್ರೀ," ಎಂದರು ಮಾಸ್ತರರು, ಅಳುವ ದನಿಯಲ್ಲಿ.

"ಮಾಸ್ಕೋ?"

"ಹುಸೇನಪ್ಪ ಬೀಸಾಕ ಒಯ್ದಾನ್ರೀ."

ಸಾಹೇಬರು ಬರಿಗಾಲಲ್ಲೇ ಯಮನಮ್ಮನ ಮನೆಗೆ ನಡೆದರು. ಸೈಬೀರಿಯಾ ಗಡಿಗೆ ತುಂಬಿ ಕೂತಿತ್ತು. ಅಲ್ಲಿಯ ವಿಶೇಷವೇನೆಂದು ಅವಳನ್ನೇ ಕೇಳಿದರು.

"ಹಾಲು ಸೆರಗಿನಾಗ ಗಂಟು ಕಟಗೊಂಡು ಹೋಗ್ತಾರಂತ್ರೀ. ಆದ್ರ ಒಗದ ಬಟ್ಟಿ ಒಣಗಂಗಿಲ್ಲ. ನನ್ನನ್ನ ಮಾತ್ರ ಅಲ್ಲಿಗೆ ವರ್ಗ ಮಾಡಬ್ಯಾಡ್ರೀ ಯಪ್ಪಾ."

ಸಾಹೇಬರಿಗೆ ನಗು ಬರಲಿಲ್ಲ. "ಗಡಿಗಿ ನೋಡಾಕ ಬಂದಿಲ್ಲ ನಾನು. ಸಾಲಿ ಬಳಗಾನೂರಿಗೇ ಹೋಗ್ಲಿ," ಎನ್ನುತ್ತ ಬೂಟಿಗಾಗಿ ಕಣಕ್ಕೆ ಮರಳಿದರು. ಮಾಸ್ತರರು ಹಿಂದೆಯೇ ಓಡಿ ಬಂದರು. ಸಾಹೇಬರು ಬೆವರು ಒರೆಸಿಕೊಳ್ಳಲು ಕಣದ ಅಂಚಿಗೆ ನಿಂತು, ಜೇಬಿನಿಂದ ರುಮಾಲು ತೆಗೆದು ಎರಡೂ ಕೈಯಲ್ಲಿ ಬಿಚ್ಚಿದರು.

ಅಂಚಿಗೆ ನಿಂತು ಬಟ್ಟೆ ಒಡ್ಡಿದವರಿಗೆ ನಾನು ಇಲ್ಲ ಎಂದವನೇ ಅಲ್ಲ. ಬಾಚಿ ಸುರಿದೆ ಕ್ರೈಮಿಯಾ. ಒಂದೊಂದು ಕಾಳೂ ಬಾರೆಹಣ್ಣಿನಷ್ಟು.

"ಏನ್ರೀ ಇದು?"

"ಆಯ ರೀ. ಹಿಡದವ್ರು ವರ್ಸಪೂರ್ತಿ ಊರ ಚಾಕರಿ ಮಾಡಬೇಕು. ಚೆಲ್ಲಿದ್ರ ಕಣಕ್ಕ ಅಪಮಾನ."

ಸುತ್ತ ನೆರೆದ ಊರೆಲ್ಲ ಹೌದೆಂದು ತಲೆ ಆಡಿಸಿತು. ಸಾಹೇಬರು ಕಾಳನ್ನು ನೋಡಿದರು, ಬರಿಗಾಲು ನೋಡಿಕೊಂಡರು.

"ನನಗ ಊರ ಕೆಲಸ ಏನ್ ಬರ್ತೈತ್ರೀ? ಕುಂಟಿ ಕೆತ್ತಾಕ ಬರಂಗಿಲ್ಲ, ಬಟ್ಟಿ ಒಗಿಯಾಕ ಬರಂಗಿಲ್ಲ."

"ಸಾಲಿ ಇಲ್ಲೇ ಇರಲಿ ಅಂತ ಬರಿಯಾಕ ಬರ್ತೈತಲ್ರೀ. ನಿಮ್ಮ ಕಸುಬು ಅದು."

ಸಾಹೇಬರು ಚೆಲ್ಲದಂತೆ ರುಮಾಲನ್ನು ನೆಲಕ್ಕಿಟ್ಟು, ಕುದುರೆಯ ಬೆನ್ನಿನ ಮೇಲೆಯೇ ಕಾಗದ ಇಟ್ಟು, ಶಾಲೆ ಪಾಮನಕಲ್ಲೂರಿನಲ್ಲೇ ಇರತಕ್ಕದ್ದು ಎಂದು ಬರೆದು ಮಾಸ್ತರರ ಕೈಗಿತ್ತರು. ರುಮಾಲಿಗೆ ಗಂಟು ಹಾಕಲು ಹೋದವರು ತಡೆದು, ಒಳಗೆ ಇಣುಕಿ, ನನ್ನ ಮುಖ ನೋಡಿದರು.

"ಕ್ರೈಮಿಯಾ ಇಷ್ಟೇ ಏನ್ರೀ? ನಕಾಶಿದಾಗ ಇನ್ನೂ ದೊಡ್ಡದಿತ್ತಲ್ಲ?"