ಪರದೆಯ ಮೇಲಿನ ಕೈ

ಶನಿವಾರ ಸಂಜೆ ಐದೂವರೆಗೆ ಮಧ್ಯಂತರ ಮುಗಿದು ದೀಪಗಳು ಆರಿದವು. ಗಣಿಯೊಳಗಿನ ಜೀವಿ ಇನ್ನೂ ಪರದೆಯ ಮೇಲೆ ಬಂದಿರಲಿಲ್ಲ.

"ಹಳೇದ್ರಾಗೂ ಹಿಂಗ ಇತ್ತು," ಎಂದು ಹೊಳಬಸಪ್ಪ ಪಾಪ್‌ಕಾರ್ನ್ ಡಬ್ಬಿಯನ್ನು ಮಗಳ ಕಡೆ ಸರಿಸಿದ. "ಅರ್ಧಾ ಸಿನಿಮಾ ಬರೇ ಸಪ್ಪಳ. ಇಲ್ಲೀತನಕ ಚೊಲೋ ಮಾಡ್ಯಾರ ಬಿಡು. ಎಸಿ ಒಳಗ ಕುಂತು ಯಾಕ ಬೆವರ್ಲಾಕತ್ತೀ?"

"ಏನಿಲ್ಲಪಾ," ಎಂದಳು ರೇಣು.

"ಅದು ಎಲ್ಲಿಂದ ಬರ್ತದಂತ ನಿನಗ ಗೊತ್ತದ. ಹೇಳಬ್ಯಾಡ ಮತ್ತ."

"ರೊಕ್ಕಾ ಕೊಟ್ಟು ಅಂಜ್ಲಾಕ ಬರೂದು ನಿಮ್ಮ ಮನಿತನದಾಗ ಅಷ್ಟ," ಎಂದಳು ಅವನ ಆಚೆ ಬದಿಯಲ್ಲಿ ಕುಳಿತಿದ್ದ ಹೆಂಡತಿ ರುದ್ರವ್ವ. "ಬಾಯಿ ಮುಚ್ಚ್ರಿ. ಹಿಂದಿನವರು ನೋಡ್ಲಾಕತ್ತಾರ."

ಸಿನಿಮಾದಲ್ಲಿ, ಆಕಾಶದಿಂದ ಬಿದ್ದ ಕಲ್ಲೊಂದು ಉಪ್ಪಿನ ಗಣಿಯಲ್ಲಿ ಹುದುಗುತ್ತದೆ. ಅದನ್ನು ಮುಟ್ಟಿದ ಕಾರ್ಮಿಕ ನಿಧಾನವಾಗಿ ಬೇರೇನೋ ಆಗುತ್ತಾನೆ. ಮೂಲ ಇಂಗ್ಲಿಷ್ ಚಿತ್ರವನ್ನು ಹೊಳಬಸಪ್ಪ ಮದುವೆಗೆ ಮೊದಲು, ಪುಣೆ ಬಳಿಯ ಕುರಕುಂಭದ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾಗ, ಬಾಡಿಗೆಯ ವಿಸಿಆರ್‌ನಲ್ಲಿ ನೋಡಿದ್ದ. ರೇಣು ಚಿಕ್ಕವಳಿದ್ದಾಗ ಆ ಕತೆಯನ್ನು ಸದ್ದುಗಳ ಸಮೇತ ಹೇಳುತ್ತಿದ್ದ. ಈಗ ಅದೇ ಕತೆಯನ್ನು ಹೊಸದಾಗಿ ತೆಗೆದಿದ್ದರು. ಜೀವಿಯ ಚರ್ಮವನ್ನು ಕಂಪ್ಯೂಟರಿನಲ್ಲಿ ರೂಪಿಸುವ ಕೆಲಸದ ಒಂದು ಭಾಗ ಪುಣೆಯ ಸ್ಟುಡಿಯೋ ಒಂದಕ್ಕೆ ಬಂದಿತ್ತು. ಅದನ್ನು ಮಾಡಿದವಳು ರೇಣು.

ಇಷ್ಟು ಹೊಳಬಸಪ್ಪನಿಗೆ ಗೊತ್ತಿತ್ತು. ಪಕ್ಕದ ಮನೆಯ ಸಂಜುವಿನಿಂದ ಟಿಕೆಟ್ ತೆಗೆಸಿದವನು ಅವನೇ. ನೆಟ್‌ನಲ್ಲಿ ಸಿಕ್ಕ ಚಿತ್ರಗಳಿಂದ ಮಾಡಿದ ಚರ್ಮವನ್ನು ಮೇಲಧಿಕಾರಿ ಶ್ಯಾಮ ಪದೇ ಪದೇ ತಿರಸ್ಕರಿಸಿದ ಮೇಲೆ, ಮಗಳು ಅಪ್ಪನ ಬಲಗೈಯ ಫೋಟೊಗಳನ್ನು ಬಳಸಿದ್ದಾಳೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ರೇಣು ಆರನೆಯ ತರಗತಿಯಲ್ಲಿದ್ದಾಗ ಕಾರ್ಖಾನೆಯಲ್ಲಿ ಕುದಿಯುವ ಕಾಸ್ಟಿಕ್ ಸೋಡಾ ದ್ರಾವಣ ಸಿಡಿದು ಅವನ ಆ ಕೈ ಮೊಣಕೈವರೆಗೆ ಬೆಂದಿತ್ತು. ವೈದ್ಯರು ತೊಡೆಯ ಚರ್ಮ ತೆಗೆದು, ಬಲೆಯಂತೆ ಹಿಗ್ಗಿಸಿ ಹಚ್ಚಿದ್ದರು. ಬಲೆಯ ಕಣ್ಣುಗಳ ಗುರುತು ಹಾಗೆಯೇ ಉಳಿದಿತ್ತು. ಮಣಿಕಟ್ಟಿನ ಮೇಲೆ ವೀಳ್ಯದೆಲೆಯ ಆಕಾರದ ಒಂದು ತುಂಡು ಮಾತ್ರ ಬೇಯದೆ ನುಣುಪಾಗಿತ್ತು. ಬೇಸಿಗೆಯಲ್ಲೂ ಹೊಳಬಸಪ್ಪ ಹೊರಗೆ ಹೋಗುವಾಗ ತುಂಬುತೋಳಿನ ಅಂಗಿಯನ್ನೇ ಹಾಕುತ್ತಿದ್ದ. ಮದುವೆಮನೆಗಳಲ್ಲಿ ಕೈ ಜೇಬಿನಲ್ಲಿರುತ್ತಿತ್ತು.

ಆ ಕೈಯ ಫೋಟೊಗಳಿಂದ ಮಾಡಿದ ಚರ್ಮವನ್ನು ಶ್ಯಾಮ ಕೂಡಲೇ ಒಪ್ಪಿದ್ದ. ಎಲ್ಲಿಂದ ತಂದೆ ಎಂದು ಕೇಳಿದಾಗ ರೇಣು "ನೆಟ್‌ನಿಂದ" ಎಂದಿದ್ದಳು. ಗಣಿಯೊಳಗಿನ ದೃಶ್ಯ, ಕತ್ತಲೆ ಇರುತ್ತದೆ, ಕೈ ಕ್ಷಣಮಾತ್ರ ಕಂಡು ಹೋಗುತ್ತದೆ ಎಂದು ಅವಳು ಲೆಕ್ಕ ಹಾಕಿದ್ದಳು. ಪೂರ್ತಿ ಚಿತ್ರವನ್ನು ಅವಳೂ ಈಗಲೇ ನೋಡುತ್ತಿದ್ದಳು.

ಪರದೆಯ ಮೇಲೆ ಗಣಿಯ ಲಿಫ್ಟ್ ನಡುವೆ ನಿಂತಿತು. ಒಳಗಿದ್ದ ಹೆಂಗಸು ಟಾರ್ಚ್ ಎತ್ತಿದಳು. ಕಬ್ಬಿಣದ ಸರಳುಗಳ ಆಚೆಯಿಂದ ಒಂದು ಕೈ ಬಂದು ಸರಳನ್ನು ಹಿಡಿಯಿತು. ಬೆಳಕು ನೇರವಾಗಿ ಅದರ ಮೇಲೆ ಬಿತ್ತು, ಅಲ್ಲಿಯೇ ನಿಂತಿತು. ಕ್ಯಾಮೆರಾ ಬೆರಳುಗಳಿಂದ ಮಣಿಕಟ್ಟಿಗೆ ಇಳಿಯಿತು. ಬಲೆಯ ಒಂದೊಂದು ಕಣ್ಣೂ ತಟ್ಟೆಯಷ್ಟು ದೊಡ್ಡದಾಗಿತ್ತು. ನಡುವೆ ಆ ಎಲೆ, ಬಾಗಿಲಿನಷ್ಟು.

"ಶೀ! ಕಾಯ್ ಘಾಣ್ ಆಹೆ ರೇ!" ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಸಹ್ಯದಿಂದ ಮರಾಠಿಯಲ್ಲಿ ಕೂಗಿದರು. ಸುತ್ತಲೂ ನಗು ಎದ್ದಿತು.

ಮೊದಲು ಗುರುತಿಸಿದವಳು ರುದ್ರವ್ವ. ಎಷ್ಟೋ ವರ್ಷ ಪ್ರತಿ ಸಂಜೆ ಆ ಚರ್ಮಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿದವಳು. ಅವಳು ಪರದೆ ಬಿಟ್ಟು ಗಂಡನ ಕಡೆ ನೋಡಿದಳು, ಆಮೇಲೆ ಮಗಳ ಕಡೆ. ಹೊಳಬಸಪ್ಪನ ದೃಷ್ಟಿ ಪರದೆಗೇ ನೆಟ್ಟಿತ್ತು. ಬಲಗೈ ಕುರ್ಚಿಯ ತೋಳಿನ ಮೇಲಿತ್ತು. ಅದನ್ನು ನಿಧಾನವಾಗಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಎಡಗೈ ಮುಚ್ಚಿದ.

ಚಿತ್ರ ಮುಗಿಯುವವರೆಗೆ ಆ ಕೈ ಇನ್ನೂ ಹಲವು ಸಲ ಬಂತು.

ದೀಪ ಹತ್ತಿದಾಗ ಜನ ಎದ್ದರು. ಹೊಳಬಸಪ್ಪ ಹೆಸರುಗಳು ಮುಗಿಯುವವರೆಗೆ ಕುಳಿತಿದ್ದ. "ನಿನ್ನ ಹೆಸರು ಬಂತು," ಎಂದು ಎದ್ದ.

ಯಾವ ಸಿನಿಮಾ ನೋಡಿದರೂ ಮೆಟ್ಟಿಲು ಇಳಿಯುವುದರೊಳಗೆ ಅವನ ಅಭಿಪ್ರಾಯ ಹೊರಬೀಳುತ್ತಿತ್ತು. ಆವತ್ತು ಮೂವರೂ ರಸ್ತೆಗೆ ಬಂದು ನಿಂತ ಮೇಲೆ ರೇಣುವೇ ಕೇಳಬೇಕಾಯಿತು.

"ಹೆಂಗಿತ್ತಪಾ?"

"ಮನಿಗೆ ಹೋಗಿ ಮಾತಾಡೂಣು," ಎಂದಳು ರುದ್ರವ್ವ.

"ಮನಿ ಯಾಕ? ಕೇಳ್ಯಾಳ, ಹೇಳ್ತೀನಿ." ಅವನ ದನಿ ಏರಲಿಲ್ಲ. "ಹಳೇದ ಚೊಲೋ ಇತ್ತು. ಅದ್ರಾಗಿಂದು ರಬ್ಬರ್ ಕೈ. ಅಂಟು ಹಚ್ಚಿದ್ದು ಕಾಣ್ತಿತ್ತು. ನಾವು ಕಾರ್ಖಾನಿ ಹುಡುಗರೆಲ್ಲಾ ಭಾಳ ನಕ್ಕಿದ್ವಿ. ಅದು ಯಾರ ಕೈನೂ ಅಲ್ಲ, ನಕ್ಕರ ನಡೀತಿತ್ತು."

"ಅಪ್ಪಾ..."

"ನಾ ಮಲಗಿದಾಗ ಫೋಟೊ ತಗದಿಯೇನು?"

"ಹೂಂ. ಐತವಾರ ಮಧ್ಯಾಹ್ನ."

"ಎಬ್ಬಿಸಬಾರದಾ?"

ರೇಣು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಎಬ್ಬಿಸಿ ಕೇಳಿದ್ರ ಬ್ಯಾಡ ಅಂತಿದ್ದಿ."

"ಅಂತಿದ್ದೆ," ಎಂದ ಹೊಳಬಸಪ್ಪ.

ರುದ್ರವ್ವ ಮಗಳ ಭುಜಕ್ಕೆ ತಿವಿದಳು. "ತಪ್ಪಾತು ಅನ್ನು ಮೊದ್ಲ. ಮಾರಿ ಏನ್ ನೋಡ್ತೀ?"

"ತಪ್ಪಾತಪಾ. ಮಂದಿ ಹಂಗ ನಗ್ತಾರಂತ ನನಗ..."

"ಮಂದಿ ಬಿಡು. ರೊಕ್ಕಾ ಕೊಟ್ಟು ಬಂದಾರ, ನಗ್ತಾರ." ಅವನು ಆಟೊಗಾಗಿ ರಸ್ತೆಯ ಕಡೆ ನೋಡುತ್ತಲೇ ಮಾತಾಡಿದ. "ಸುಟ್ಟಿದ್ದು ಒಯ್ದಿ, ಒಯ್ಯಿ. ಆ ಎಲಿ ಹಂತಾ ತುಣುಕರೆ ಬಿಡಬೇಕಿತ್ತು. ಅದು ಸುಟ್ಟಿಲ್ಲ. ಅದೊಂದ ನಂದು."

ಆಟೊ ಬಂದು ನಿಂತಿತು. "ಖಡಕಿ ಬಜಾರ್," ಎಂದು ಅವನು ಚಾಲಕನಿಗೆ ಮರಾಠಿಯಲ್ಲಿ ದಾರಿ ಹೇಳಿದ.

ಮರುದಿನ, ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ ಹೊಳಬಸಪ್ಪ ಎಂದಿನಂತೆ ಹಾಲ್‌ನ ದಿವಾನದ ಮೇಲೆ ಮಲಗಲಿಲ್ಲ. ಮಲಗಲು ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡ.