ಕೆಂಪು ಬಟ್ಟೆ ಕಟ್ಟಿದ ಬಿದಿರು

2024ರ ಜನವರಿ 7, ಭಾನುವಾರ, ಬೆಳಿಗ್ಗೆ ಆರು ಗಂಟೆ ನಲವತ್ತೆರಡು ನಿಮಿಷ. ಕ್ಯಾಮೆರಾದಲ್ಲಿ ಹಾಗೆ ದಾಖಲಾಗಿದೆ. ಅಟ್ಟೂರಿನ ಆಚೆಯ ಕೆರೆಯ ಮೇಲೆ ಆಳೆತ್ತರದ ಮಂಜು ನಿಂತಿತ್ತು. ಆ ದಿನದ ಹನ್ನೊಂದು ಚಿತ್ರಗಳಲ್ಲಿ ಬಿದಿರುಕಡ್ಡಿ ಇಲ್ಲ. ನಾನೇ ಕಿತ್ತಿದ್ದೆ.

ಯಲಹಂಕದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಎರಡು ವರ್ಷಗಳಿಂದ ಪ್ರತಿ ಭಾನುವಾರ ತೂಬಿನ ಕಲ್ಲಿನ ಮೇಲೆ, ಸುಣ್ಣದಲ್ಲಿ ಗುರುತು ಹಾಕಿದ ಮೂರು ಚುಕ್ಕೆಗಳಲ್ಲೇ ಟ್ರೈಪಾಡಿನ ಕಾಲೂರಿ, ಅದೇ ಲೆನ್ಸಿನಲ್ಲಿ ಅದೇ ಕೆರೆಯ ಚಿತ್ರ ತೆಗೆಯುತ್ತಿದ್ದೆ. ಮೊಣಕಾಲುದ್ದದ ನೀರಿನಲ್ಲಿ, ಕೆಂಪು ಬಟ್ಟೆಯ ಚೂರು ಕಟ್ಟಿಕೊಂಡು ಆ ಕಡ್ಡಿ ನಿಂತಿರುತ್ತಿತ್ತು. ಅದನ್ನು ನೆಟ್ಟವಳು ಮುನಿಶಾಮಮ್ಮ. ಹಸುಗಳಿಗೆ ಜೊಂಡು ಕೊಯ್ಯಲು ದಿನವೂ ಕೆರೆಗಿಳಿಯುತ್ತಿದ್ದ ಮುದುಕಿ. ಹಿಂದೊಮ್ಮೆ ಟ್ರ್ಯಾಕ್ಟರುಗಳು ಮಣ್ಣು ಹೊತ್ತುಹೋದ ಗುಂಡಿ ನೀರಿನಡಿ ಹಾಗೇ ಉಳಿದಿತ್ತು. ಅದರ ಅಂಚಿಗೆ ಇನ್ನೇನು ಎರಡು ಹೆಜ್ಜೆ ಇದೆ ಎನ್ನುವಲ್ಲಿ ಅವಳ ಕಡ್ಡಿ.

"ಅದರಿಂದಾಚೆ ಕಾಲಿಕ್ಬೇಡಿ ಸಾ, ಆನೆ ಮುಳುಗ್ತದೆ," ಎಂದಿದ್ದಳು. ಡಿಸೆಂಬರ್ 31ರಂದು ಕಡ್ಡಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಕುಡುಗೋಲು ಆಡಿಸುತ್ತಾ ನನ್ನ ಚೌಕಟ್ಟಿನ ನಡುವೆಯೇ ನಿಂತಿದ್ದಳು. ಸ್ವಲ್ಪ ಸರಿಯಮ್ಮ ಎಂದೆ.

"ಕೆರೆ ತೆಗೀತೀರ, ಕೊಕ್ಕರೆ ತೆಗೀತೀರ, ನಾನೇನ್ ಪಾಪ ಮಾಡಿವ್ನಿ ಸಾ? ನನ್ನೂ ಒಂದ್ ಒಡೀರಿ!"

ನಕ್ಕು ಒಂದು ಹೊಡೆದೆ. ಜನರನ್ನು ನಾನು ತೆಗೆಯುವವನಲ್ಲ.

ಏಳನೇ ತಾರೀಖು ಅವಳು ಬಂದಿರಲಿಲ್ಲ. ಅಂಥ ಮಂಜು ವರ್ಷಕ್ಕೊಮ್ಮೆ ಸಿಕ್ಕೀತು. ಪ್ಯಾಂಟು ಮಡಚಿ ಇಳಿದು ಕಡ್ಡಿ ಕಿತ್ತೆ. ಚಿತ್ರಗಳಾದ ಮೇಲೆ ಮತ್ತೆ ನೆಡಲು ಹೋದಾಗ ನೀರು ಕಲಕಿತ್ತು, ಕಿತ್ತ ತೂತು ಕೆಸರಿನಲ್ಲಿ ಮುಚ್ಚಿತ್ತು. ಹಿಂದಿನ ವಾರದ ಚಿತ್ರವನ್ನು ಫೋನಿನಲ್ಲಿ ತೆರೆದು ಜೊತೆಗೆ ಬಂದಿದ್ದ ಹೆಂಡತಿ ಗಂಗಾದೇವಿಯ ಕೈಗೆ ಕೊಟ್ಟು, ಕ್ಯಾಮೆರಾದಲ್ಲಿ ನೋಡುತ್ತಾ ಕಡ್ಡಿಯ ಜಾಗ ಹೇಳು ಎಂದೆ.

"ಎಡಕ್ಕ ಸರಸ್ರಿ... ಅಯ್ಯ, ಅಷ್ಟಲ್ಲ! ಹುಡುಗರಿಗೆ ಪಾಠ ಹೇಳಾವ್ರು ನೀವು, ಎಡ ಬಲ ಗೊತ್ತಾಗೂದಿಲ್ಲೇನ್ರಿ? ಹಾಂ, ಅಲ್ಲೇ ಐತ್ರಿ."

ಮುಂದಕ್ಕೆ ಬಾಗಿ, ಕೈ ಚಾಚಿ ಒತ್ತಿದೆ. ಖಚಿತಪಡಿಸಿಕೊಳ್ಳಲು ಹನ್ನೆರಡನೆಯ ಚಿತ್ರ ತೆಗೆದು ಹಳೆಯದರ ಜೊತೆ ಹೋಲಿಸಿದೆ. ಎಡಬಲಕ್ಕೆ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಸಮಾಧಾನದಿಂದ ಮನೆಗೆ ಬಂದು ಉಪ್ಪಿಟ್ಟು ತಿಂದೆ.

ಮುಂದಿನ ಭಾನುವಾರ ತೂಬಿನ ಬಳಿ ಅವಳ ಮಗಳು ನಾರಾಯಣಮ್ಮ ಕಾಯುತ್ತಿದ್ದಳು.

"ಅವ್ವ ಬುಧವಾರ ಓಗ್ಬಿಡ್ತು ಸಾ. ಆ ಗುಂಡೀಲಿ. ಕಡ್ಡಿ ನಿಂತೇ ಐತೆ, ಎಂಗೆ ಬಿತ್ತೋ! ಮುದುಕಿಗೆ ಕಣ್ಣು ಕಾಣಾಕಿಲ್ಲ, ನೀನ್ಯಾಕೆ ಕಳಿಸ್ದೆ ಅಂತ ಎಲ್ರೂ ನನ್ನೇ ಉಗೀತಾವ್ರೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ನೀವು ಒಂದ್ ಪೋಟೋ ಒಡ್ದಿದ್ರಂತೆ. ತಿಥಿಗೆ ಇಕ್ಕಾಕೆ ಬೇರೆ ಒಂದೂ ಇಲ್ಲ."

ಮನೆಗೆ ಬಂದು ಆ ಚಿತ್ರ ತೆರೆದೆ. ನಗುವ ಮುದುಕಿ, ಕೈಯಲ್ಲಿ ಕಡ್ಡಿ. ಪಕ್ಕದಲ್ಲಿ ಹನ್ನೆರಡನೆಯ ಚಿತ್ರವನ್ನಿಟ್ಟೆ. ಒಂದೇ ಕಡೆಯಿಂದ ನೋಡಿದರೆ ದಿಕ್ಕು ತಿಳಿಯುತ್ತದೆ, ದೂರ ತಿಳಿಯುವುದಿಲ್ಲ. ಇದನ್ನು ಹತ್ತೊಂಬತ್ತು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಬಿದಿರಿನ ಮೇಲಿನ ಎರಡು ಗಿಣ್ಣುಗಳ ನಡುವಿನ ಅಂತರವನ್ನು ಅಳೆದೆ. ಹಳೆಯ ಚಿತ್ರದಲ್ಲಿ 212 ಪಿಕ್ಸೆಲ್, ಹೊಸದರಲ್ಲಿ 176. ಕಡ್ಡಿ ಚಿಕ್ಕದಾಗಿ ಕಾಣುತ್ತಿತ್ತು, ಅಂದರೆ ದೂರ ಹೋಗಿತ್ತು. ಸಂಜೆ ಟೇಪು ಹಿಡಿದು ಕೆರೆಗೆ ಹೋಗಿ, ತೂಬಿನ ಕಲ್ಲಿನಿಂದ ಕಡ್ಡಿಯವರೆಗೆ ಅಳೆದು ಬಂದೆ. ಲೆಕ್ಕ ಮುಗಿಯಲು ಎರಡು ನಿಮಿಷ ಸಾಕಾಯಿತು.

ಗಂಗಾದೇವಿ ಬೆನ್ನ ಹಿಂದೆ ನಿಂತು ಎಲ್ಲವನ್ನೂ ನೋಡಿದಳು. ಮೆಲ್ಲಗೆ ಅಂದಳು: "ಮಾರಿ ಅಷ್ಟ ಇಟ್ಟು ಉಳಿದಿದ್ದು ಕತ್ತರಿಸಿ ಕೊಡ್ರಿ. ಕಡ್ಡಿ ಯಾಕ ಬೇಕು ಅದರಾಗ? ಅಲ್ಲೇ ಐತಿ ಅಂದಾಕಿ ನಾನ ಅಲ್ಲೇನ್ರಿ?"

ಕತ್ತರಿಸಿ ನೋಡಿದೆ. ತಿಥಿಗೆ ಆ ಮುಖವೇ ಸಾಕಾಗುತ್ತಿತ್ತು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಮುದುಕಿಗೆ ಕಣ್ಣು ಕಾಣುತ್ತಿರಲಿಲ್ಲ ಎಂಬ ಮಾತೇ ಉಳಿಯುತ್ತಿತ್ತು.

ಮಂಗಳವಾರ ಚಿತ್ರವನ್ನು ಇಡಿಯಾಗಿ ಮುದ್ರಿಸಿ, ಚೌಕಟ್ಟು ಹಾಕಿಸಿ ಕೊಂಡೊಯ್ದೆ. ನಾರಾಯಣಮ್ಮ ಹಸುವಿನ ಮುಂದೆ ಒಣಹುಲ್ಲು ಹಾಕುತ್ತಿದ್ದಳು. ಕೈ ಒರೆಸಿಕೊಂಡು ತೆಗೆದುಕೊಂಡಳು, ಅವ್ವನ ಮುಖದ ಮೇಲೆ ಹೆಬ್ಬೆರಳಾಡಿಸಿದಳು.

"ನಿಮ್ಮವ್ವನ ಕಣ್ಣು ಸರಿಯಾಗೇ ಇತ್ತಮ್ಮ," ಎಂದೆ. "ಕಡ್ಡಿ ಅವಳು ನೆಟ್ಟ ಜಾಗದಲ್ಲಿರಲಿಲ್ಲ. ಫೋಟೋಗೆ ಅಡ್ಡ ಅಂತ ನಾನು ಕಿತ್ತಿದ್ದೆ. ಮತ್ತೆ ನೆಟ್ಟಾಗ ಗುಂಡಿಯ ಕಡೆಗೆ ಹೋಗಿದೆ."

ಅವಳು ಚಿತ್ರವನ್ನು ಗೋಡೆಗೊರಗಿಸಿಟ್ಟು, ಅದರಲ್ಲಿನ ಕಡ್ಡಿಯನ್ನೇ ನೋಡುತ್ತಾ ಕೇಳಿದಳು: "ಏಟು ದೂರ?"

ಒಂದು ಮೀಟರ್ ಇಪ್ಪತ್ತಮೂರು ಸೆಂಟಿಮೀಟರ್.